ಮೂರನೇ ಸಾಲಿನ ಗೊರವಂಕ

ಹೊಸಕುಂಟೆಯ ಗೋವಿಂದರಾಜು ರಾಕ್ ಗಾಯಕನಾಗಬೇಕೆಂದು ಕನಸಿನಲ್ಲೂ ಅಂದುಕೊಂಡವನಲ್ಲ. ಅವನಿಗೆ ಆಗಬೇಕೆಂದಿದ್ದದ್ದು ಊರಿನ ಹಾಲಿನ ಡೈರಿಗೆ ಡೈರೆಕ್ಟರು. ಇವೆರಡರ ನಡುವಿನ ದೂರವನ್ನು ಅವನು ಒಂದೇ ಬೆಳಗಿನಲ್ಲಿ, ಅದೂ ಹಿತ್ತಲಿನಲ್ಲಿ ಹಲ್ಲುಜ್ಜುತ್ತಾ ನಿಂತಿದ್ದಾಗಲೇ ದಾಟಿಬಿಟ್ಟ.

ನಮ್ಮ ಕಡೆ ಡೈರಿ ಚುನಾವಣೆಗೆ ನಿಲ್ಲುವವನು ಮೊದಲು ಹುಟ್ಟುಹಬ್ಬ ಮಾಡಿಕೊಳ್ಳಬೇಕು. ನಾಮಪತ್ರ ಆಮೇಲೆ. ಬಸ್ ಸ್ಟಾಪಿನಲ್ಲಿ ಹುಟ್ಟುಹಬ್ಬದ ಫ್ಲೆಕ್ಸು ಎದ್ದಿತೆಂದರೆ, 'ಓ, ಇವನೂ ನಿಂತ' ಎಂದು ಊರು ತಾನೇ ಅರ್ಥ ಮಾಡಿಕೊಳ್ಳುತ್ತದೆ. ಗೋವಿಂದರಾಜುವಿನ ತೊಂದರೆಯೆಂದರೆ ಅವನಿಗೆ ಹುಟ್ಟಿದ ದಿನವೇ ಸರಿಯಾಗಿ ಇರಲಿಲ್ಲ. ಶಾಲೆಯ ದಾಖಲೆಯಲ್ಲಿ ಊರಿನ ಅರ್ಧ ಜನರ ಹಾಗೆ ಅವನೂ ಜೂನ್ ಒಂದಕ್ಕೆ ಹುಟ್ಟಿದವನು. ತಾಯಿ ಮುನಿವೆಂಕಟಮ್ಮನನ್ನು ಕೇಳಿದರೆ, "ಅವರೆಕಾಯಿ ಬಿಡಿಸ್ತಾ ಕೂತಿದ್ದೆ, ಹೊಟ್ಟೆ ನೋವು ಬಂತು" ಎಂದಷ್ಟೇ ಹೇಳುತ್ತಿದ್ದಳು. ಅವರೆಕಾಯಿ ಕಾಲವೆಂದರೆ ಜನವರಿ. ಹೀಗೆ ಲೆಕ್ಕ ಹಾಕಿ, ಹೆಂಡತಿ ಶಶಿರೇಖಾಳ ತಮ್ಮ ನವೀನ್‌ಕುಮಾರ್ ಅನುಕೂಲವಾದ ಒಂದು ಸೋಮವಾರವನ್ನು ಭಾವನ ಹುಟ್ಟುಹಬ್ಬವೆಂದು ಗೊತ್ತುಮಾಡಿದ. ಫ್ಲೆಕ್ಸಿನ ಜವಾಬ್ದಾರಿಯನ್ನೂ ತಾನೇ ಹೊತ್ತ. ದೊಡ್ಡಬಳ್ಳಾಪುರದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದ ಮುನಿರಾಜ್ ಅವನ ಜೊತೆ ಓದಿದವನು. ಭಾವನ ಆಧಾರ್ ಕಾರ್ಡಿನ ಫೋಟೋವನ್ನು ಅವನ ಮೊಬೈಲಿಗೆ ಕಳಿಸಿ, 'ಚೆನ್ನಾಗಿ ಮಾಡು' ಎಂದು ಬರೆದು ಸುಮ್ಮನಾದ.

ಮುನಿರಾಜ ಚೆನ್ನಾಗಿಯೇ ಮಾಡಿದ್ದ.

ಹತ್ತಡಿ ಎತ್ತರದ ಫ್ಲೆಕ್ಸು. ಮುಖ ಗೋವಿಂದರಾಜುವಿನದೇ. ಆಧಾರ್ ಫೋಟೋಗಳಲ್ಲಿ ಎಲ್ಲರಿಗೂ ಬರುವ, ಯಾವುದೋ ಕಳವಿನ ಕೇಸಿನಲ್ಲಿ ಹಿಡಿದು ತಂದವರ ಮುಖ. ಕತ್ತಿನಿಂದ ಕೆಳಗೆ ಮಾತ್ರ ಬೇರೆ ಯಾರೋ. ಕಪ್ಪು ಚರ್ಮದ ಜಾಕೆಟ್ಟು, ಮಂಡಿಯ ಹತ್ತಿರ ಹರಿದ ಪ್ಯಾಂಟು, ಸೊಂಟದಲ್ಲಿ ಸರಪಳಿ, ಕೈಯಲ್ಲಿ ಬೆಂಕಿ ಉಗುಳುವ ಗಿಟಾರು. ಕೆಳಗೆ ದಪ್ಪಕ್ಷರದಲ್ಲಿ, 'ಜಗ ಮೆಚ್ಚಿದ ರಾಕ್ ಗಾಯಕ ಹೊಸಕುಂಟೆ ಗೋವಿಂದರಾಜು ಅವರಿಗೆ ಹುಟ್ಟುಹಬ್ಬದ ಶುಭಾಶಯಗಳು'. ಅದರ ಕೆಳಗೆ ಶುಭ ಕೋರುವವರ ದುಂಡು ಫೋಟೋಗಳು. ನಡುವೆ, ಗೌರವಕ್ಕೆಂದು ಕೇಳದೆಯೇ ಹಾಕಿದ್ದ, ಡೈರಿ ಅಧ್ಯಕ್ಷರೂ ಭಜನೆ ಮಂಡಳಿಯ ಯಜಮಾನರೂ ಆದ ದೊಡ್ಡಮುನಿಯಪ್ಪನವರ ವಿಭೂತಿ ಮುಖ.

ನವೀನ್‌ಕುಮಾರ್ ಬಸ್ ಸ್ಟಾಪಿನಲ್ಲಿ ನಿಂತೇ ಫೋನು ಹಚ್ಚಿದ.

"ಲೇ ಮುನಿರಾಜಾ, ನಮ್ ಭಾವನ್ ಕೈಗೆ ಏನ್ಲಾ ಕೊಟ್ಟಿದ್ದೀಯಾ?"

"ಗಿಟಾರು ಗುರು. ಹಾಲಿನ ಕ್ಯಾನ್ ಹಿಡ್ಕೊಂಡಿರೋ ಬಾಡಿ ನನ್ ಹತ್ರ ಇಲ್ಲ. ನನ್ ಕಂಪ್ಯೂಟರಲ್ಲಿ ಇರೋದೇ ಮೂರು ಬಾಡಿ. ಕೈ ಮುಗ್ಯೋ ಲೀಡರ್ದು, ಮದ್ವೆ ಗಂಡಿಂದು, ಬಿಟ್ರೆ ಇದು. ಲೀಡರ್ ಬಾಡಿ ಸಂಕ್ರಾಂತಿ ಮುಗ್ಯೋವರ್ಗೂ ಬಿಜಿ."

"ಹೆಸ್ರಿನ್ ಮೇಲಿನ್ ಲೈನಾದ್ರೂ ತೆಗೀಬಾರ್ದಾ?"

"ಹೆಸ್ರು ಬದ್ಲಾಯಿಸ್ದೆ ಗುರು. ಆ ಲೈನು ಹಂಗೇ ಉಳ್ಕೊಂಡ್ಬಿಡ್ತು. ಓದೋರು ಯಾರು ಬಿಡು."

ಓದುವವರು ಇದ್ದರು. ಘಾಟಿ ದೇವಸ್ಥಾನದ ಕಡೆ ಹೋಗುವ ಬಸ್ಸುಗಳೆಲ್ಲ ಅಲ್ಲಿ ನಿಲ್ಲುತ್ತಿದ್ದವು. ಗೋವಿಂದರಾಜು ಬಾಯಿಯ ನೊರೆಯನ್ನೂ ತೊಳೆಯದೆ ಓಡಿ ಬರುವಷ್ಟರಲ್ಲಿ ಎರಡು ಬಸ್ಸು ಓದಿಕೊಂಡು ಹೋಗಿದ್ದವು. ಅವನು ತನ್ನ ಹೊಸ ಮೈಯನ್ನು ಕೆಳಗಿನಿಂದ ಮೇಲಕ್ಕೆ ನೋಡಿದ. "ಇಳ್ಸೋ ನವೀನಾ, ಮೊದ್ಲು ಇಳ್ಸೋ" ಎಂದು ಕಂಬಕ್ಕೆ ಕೈ ಹಾಕಿದ.

ಆಗ ಬಂದಳು ಮುನಿವೆಂಕಟಮ್ಮ, ಸೊಂಟದಲ್ಲಿ ಅವರೆಕಾಯಿ ಪುಟ್ಟಿ ಇಟ್ಟುಕೊಂಡು.

"ಬದುಕಿರೋ ಮಗನ್ ಪಟ ಇಳಿಸ್ತೀರೇನ್ರೋ? ಕೈ ತೆಗೀರೋ! ಕಟ್ಟಿದ್ದು ಗಾಳಿಗೆ ತಾನಾಗ್ ಹರೀಬೇಕು, ಮನುಷ್ಯರು ಮುಟ್ಬಾರ್ದು. ಹೋದ್ ವರ್ಷ ಆ ಗಂಗಣ್ಣ ಫ್ಲೆಕ್ಸ್ ಬಿಚ್ಚಿ ಮೂರ್ ದಿನ ಆಗಿತ್ತಾ..."

"ಗಂಗಣ್ಣ ಬದುಕೇ ಅವ್ನಲ್ಲಮ್ಮ! ಅಗೋ, ಟೀ ಕುಡೀತಾ ಕೂತವ್ನೆ."

"ಅವ್ನು ಬದುಕವ್ನೆ. ಹಸ ಹೋಯ್ತಲ್ಲ?"

ಗಂಗಣ್ಣ ಟೀ ಲೋಟ ಕೆಳಗಿಟ್ಟು, ಹೌದೆಂಬಂತೆ ತಲೆಯಾಡಿಸಿದ. ಮುನಿವೆಂಕಟಮ್ಮ ಫ್ಲೆಕ್ಸಿನ ಬುಡದಲ್ಲೇ ಕೂತು ಅವರೆಕಾಯಿ ಬಿಡಿಸತೊಡಗಿದಳು. ಆ ಸೋಮವಾರದಿಂದ ಅದು ಅವಳ ಕಾವಲಾಯಿತು.

ಬಸ್ ಸ್ಟಾಪಿನ ಪಕ್ಕದಲ್ಲೇ ಅಪ್ಪಯ್ಯಣ್ಣನ ಟೀ ಅಂಗಡಿ. ಅವನು ಸೌಟನ್ನು ಎತ್ತಿ ಹಿಡಿದು ಕರೆದ.

"ಬಾರ್ಲಾ ಗೋವಿಂದ. ಮೀಸೆ ಮೂಡ್ದಾಗಿಂದ ನನ್ ಅಂಗ್ಡೀಲಿ ಟೀ ಕುಡೀತಿದ್ದೀಯ. ಒಂದಿನಾನಾದ್ರೂ ಬಾಯಿ ಬಿಟ್ಯಾ? ಹಾಡ್ತೀಯಂತಲ್ಲ?"

'ಇಲ್ಲ' ಎಂಬ ಎರಡಕ್ಷರ ಸಾಕಿತ್ತು. ಆದರೆ ಬೆಂಚಿನ ಮೇಲಿದ್ದ ಒಂಬತ್ತು ಜನ ಒಟ್ಟಿಗೆ ತಿರುಗಿ ಅವನನ್ನು ನೋಡಿದರು. ಎಂದೂ ಇಲ್ಲದ ಹಾಗೆ ಒಬ್ಬ ಜರುಗಿ ಜಾಗ ಮಾಡಿಕೊಟ್ಟ. ಗೋವಿಂದರಾಜು ಆ ಜಾಗದಲ್ಲಿ ಕೂತು, ನೆಲ ನೋಡಿ, "ಏನೋ... ಸ್ವಲ್ಪ ಸ್ವಲ್ಪ" ಎಂದ.

ಅಲ್ಲಿಗೆ ಮುಗಿಯಿತು. 'ಚೆನ್ನಾಗಿ ಹಾಡ್ತೀನಿ' ಎಂದಿದ್ದರೆ ಯಾರೂ ನಂಬುತ್ತಿರಲಿಲ್ಲ. ನಮ್ಮ ಕಡೆ 'ಏನೋ ಸ್ವಲ್ಪ' ಎನ್ನುವವನು ಆ ವಿದ್ಯೆಯ ತುದಿ ಮುಟ್ಟಿದವನು.

"ನಾನ್ ಕೇಳಿದೀನಿ ಕಣ್ರಪ್ಪಾ," ಎಂದ ಗಂಗಣ್ಣ. "ನೆಲಮಂಗಲದಲ್ಲಿ. ಎರಡ್ ವರ್ಷ ಆಯ್ತು. ಕೂರಕ್ ಜಾಗ ಇಲ್ದೆ ನಿಂತ್ಕಂಡೇ ಕೇಳ್ದೆ."

ಗೋವಿಂದರಾಜು ನೆಲಮಂಗಲಕ್ಕೆ ಹೋಗಿದ್ದದ್ದು ಒಂದೇ ಸಲ, ಅದೂ ಮೋಟಾರು ರಿಪೇರಿಗೆ. ಆದರೂ ಗಂಗಣ್ಣ ಹೇಳಿದ ರೀತಿಗೆ ಅವನಿಗೇ ಒಂದು ಕ್ಷಣ, 'ಹಾಡಿದ್ದೆನೇನೋ' ಅನ್ನಿಸಿತು.

ಹಾಡು ಹೇಗೋ ಏನೋ, ಗೋವಿಂದರಾಜುವಿಗೆ ಗೊತ್ತಿದ್ದ ಕೆಲಸ ದ್ರಾಕ್ಷಿಯದು. ಒಂದೂಕಾಲು ಎಕರೆ ಕಪ್ಪು ದ್ರಾಕ್ಷಿ ಚಪ್ಪರ, ಹದಿನಾಲ್ಕು ಸಾಲು. ಜನವರಿಯಲ್ಲಿ ಹಣ್ಣಿಗೆ ಬಣ್ಣ ತಿರುಗುತ್ತಿದ್ದಂತೆ ಗೊರವಂಕಗಳು ಹಿಂಡು ಕಟ್ಟಿಕೊಂಡು ಬರುತ್ತಿದ್ದವು. ಹಕ್ಕಿ ಓಡಿಸುವುದೆಂದರೆ ಒಂದು ಕೈಯಲ್ಲಿ ಎಣ್ಣೆ ಡಬ್ಬ, ಇನ್ನೊಂದರಲ್ಲಿ ಕೋಲು, ಮಿಕ್ಕಿದ್ದೆಲ್ಲ ಗಂಟಲು. ಮಗಳು ಕೀರ್ತನ ಶಾಲೆಗೆ ಹೋಗುವ ಮುಂಚೆ ಒಂದು ಗಂಟೆ, ಬಂದ ಮೇಲೆ ಒಂದು ಗಂಟೆ ಪಂಪ್‌ಹೌಸಿನ ತಾರಸಿಯ ಮೇಲೆ ನಿಂತು ಕಾಯುವಳು. ಹಕ್ಕಿ ಇಳಿದ ಕೂಡಲೆ, "ಅಪ್ಪಾ, ಗೊರವಂಕ! ಮೂರನೇ ಸಾಲು!" ಎಂದು ಕೂಗುವಳು. ಮೂರನೇ ಸಾಲಿನ ಪಕ್ಕ ಹೊಂಗೆ ಮರವಿದ್ದದ್ದರಿಂದ ಅವು ಮೊದಲು ಇಳಿಯುತ್ತಿದ್ದದ್ದು ಅಲ್ಲಿಗೇ. ಅವಳ ಕೂಗು ಕಿವಿಗೆ ಬಿದ್ದರೆ ಗೋವಿಂದರಾಜು ಊಟಕ್ಕೆ ಕೂತಿದ್ದರೂ ಸರಿ, ಎದ್ದು ನಿಂತು ಕೂಗಿಬಿಡುತ್ತಿದ್ದ. ಅದು ಯೋಚನೆ ಮಾಡಿ ಮಾಡುವ ಕೆಲಸವೇ ಆಗಿರಲಿಲ್ಲ.

ಬುಧವಾರ ಸಂಜೆ ಕೀರ್ತನ ತಾರಸಿ ಹತ್ತಲಿಲ್ಲ. ಶಾಲೆಯ ಬ್ಯಾಗನ್ನು ಹೆಗಲಿನಿಂದ ಇಳಿಸದೆಯೇ ಅಪ್ಪನೆದುರು ನಿಂತಳು.

"ಅಪ್ಪಾ, ನೀನು ಹಾಡ್ತೀಯ ತಾನೆ?"

"ಯಾಕಮ್ಮ?"

"ಎಚ್ಚೆಮ್ ಮೇಡಂ ದಿನಾ ಬಸ್ಸಲ್ಲಿ ಬರ್ತಾ ನಿನ್ ಫ್ಲೆಕ್ಸ್ ನೋಡ್ತಾರಂತೆ. ಶನಿವಾರ ಸ್ಕೂಲ್ ಡೇಗೆ ನೀನೇ ಗೆಸ್ಟು. ಹಾಡ್ಬೇಕಂತೆ. ಬಿಇಒ ಸಾಹೇಬ್ರೂ ಬರ್ತಾರೆ. ಪ್ರೇಯರಲ್ಲಿ ಎಲ್ರ ಮುಂದೆ ಕೇಳಿದ್ರು, ನಿಮ್ಮಪ್ಪ ಹಾಡ್ತಾರೇನಮ್ಮ ಅಂತ."

"ನೀನೇನಂದೆ?"

"ಹೂಂ ಅಂದ್ಬಿಟ್ಟೆ." ಅವಳು ಬ್ಯಾಗಿನ ಪಟ್ಟಿಯನ್ನು ತಿರುಚಿದಳು. "ಕ್ಲಾಸಲ್ಲಿ ನನ್ನ ಡಬ್ಬ ಬಡಿಯೋನ ಮಗ್ಳು ಅಂತಾರಪ್ಪ. ನಾನು ಬಂದ್ರೆ ಬೆಂಚು ಬಡೀತಾರೆ. ಇವತ್ತು ಒಬ್ರೂ ಬಡೀಲಿಲ್ಲ."

ಗೋವಿಂದರಾಜು ಡಬ್ಬವನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದ. "ಹಾಡ್ತೀನಿ ಬಿಡಮ್ಮ," ಎಂದ. ಡೈರಿ, ಡೈರೆಕ್ಟರಿಕೆ ಎಲ್ಲವೂ ಆ ಗಳಿಗೆಯಲ್ಲಿ ಅವನ ತಲೆಯಿಂದ ಹಾರಿಹೋದವು. ಉಳಿದದ್ದು ಶನಿವಾರ ಒಂದೇ.

ಹಾಡು ಎಂದರೆ ಹೊಸಕುಂಟೆಯಲ್ಲಿ ದೊಡ್ಡಮುನಿಯಪ್ಪನವರು. ಹದಿನಾಲ್ಕನೇ ವಯಸ್ಸಿನಲ್ಲಿ ಗೋವಿಂದರಾಜುವನ್ನು ಭಜನೆ ಮಂಡಳಿಯಿಂದ ಹೊರಗೆ ಹಾಕಿದವರೂ ಅವರೇ. ಫ್ಲೆಕ್ಸಿನಲ್ಲಿ ತಮ್ಮ ಮುಖ ಸರಪಳಿ ಕಟ್ಟಿಕೊಂಡವನ ಕಾಲ ಕೆಳಗೆ ಬಂದದ್ದಕ್ಕೆ ಅವರಿಗೆ ಸಿಟ್ಟಿತ್ತು. ಆದರೂ ಮನೆಗೆ ಬಂದವನನ್ನು ಜಗಲಿಯ ಮೇಲೆ ಕೂರಿಸಿ, "ಒಂದ್ ಸಾಲು ಹೇಳು" ಎಂದರು.

ಗೋವಿಂದರಾಜು ಕಣ್ಣು ಮುಚ್ಚಿ, ಭಕ್ತಿಯಿಂದ ಒಂದು ಸಾಲು ಎತ್ತಿದ. ಕೊಟ್ಟಿಗೆಯಲ್ಲಿ ಕರು ಹಗ್ಗ ಕಿತ್ತುಕೊಂಡಿತು. ಒಳಗಿನಿಂದ ಸೊಸೆ ಯಾರಿಗೆ ಏನಾಯಿತೆಂದು ಸೌಟು ಹಿಡಿದೇ ಓಡಿಬಂದಳು.

ದೊಡ್ಡಮುನಿಯಪ್ಪನವರು ಎದ್ದು ಹೋಗಿ ಕರುವನ್ನು ಕಟ್ಟಿ ಬಂದರು. ಆಮೇಲೆ ಅವನ ಮಂಡಿಯ ಮೇಲೆ ಕೈಯಿಟ್ಟು, "ಗೋವಿಂದ, ನಿನ್ ಭಕ್ತಿ ದೊಡ್ಡದು ಕಣೋ," ಎಂದರು. "ಆದ್ರೆ ಈ ಗಂಟ್ಲು ಕೇಳಿದ್ರೆ ದೇವ್ರು ಬರೋನೂ ಅರ್ಧ ದಾರೀಲಿ ವಾಪಸ್ ಹೋಗ್ತಾನೆ. ನನ್ ಮಾತ್ ಕೇಳು. ಗಂಟ್ಲು ಕಟ್ಕೊಂಡದೆ ಅನ್ನು. ಶಾಲು ಹೊದ್ಕೊ, ಕೈ ಮುಗಿ, ಬಂದ್ಬಿಡು. ಮಗಳ ಮಾನಾನೂ ಉಳೀತದೆ."

ಇದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ. ಗುರುವಾರ ಬೆಳಿಗ್ಗೆ ಶಶಿರೇಖಾ ಗಂಡನ ಕತ್ತಿಗೆ ಕೆಂಪು ಮಫ್ಲರ್ ಸುತ್ತಿ, "ಮಾತಾಡ್ಬೇಡಿ, ಸನ್ನೆ ಮಾಡಿ" ಎಂದು ಕಳಿಸಿದಳು. ಅವನು ಟೀ ಅಂಗಡಿಗೆ ಹೋಗಿ, ಗಂಟಲು ಮುಟ್ಟಿಕೊಂಡು, ಇಲ್ಲವೆಂಬಂತೆ ಕೈಯಾಡಿಸಿದ.

ಉಪಾಯದಲ್ಲಿ ಒಂದೇ ಒಂದು ದೋಷವಿತ್ತು. ಅದರಲ್ಲಿ ಊರಿನ ಪ್ರೀತಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಗಾಯಕರ ಗಂಟಲು ಕಟ್ಟಿದೆಯೆಂಬ ಸುದ್ದಿ ಹಾಲಿನ ವ್ಯಾನಿಗಿಂತ ಬೇಗ ಹರಡಿತು. ಅಪ್ಪಯ್ಯಣ್ಣ ಶುಂಠಿಯನ್ನು ಜಜ್ಜಿ ಜಜ್ಜಿ ಟೀ ಕಾಯಿಸಿ ಗಂಟೆಗೊಂದು ಲೋಟ ಕಳಿಸಿದ. ಪಕ್ಕದ ಮನೆಯ ಮುತ್ತಮ್ಮ ಮೆಣಸಿನ ಕಷಾಯ ತಂದು, ಅವನ ಮೂಗು ಹಿಡಿದು ಕುಡಿಸಿ, "ನುಂಗು, ನುಂಗು, ಊರ್ ಮಾನ ನಿನ್ ಗಂಟ್ಲಲ್ಲಿ ಅದೆ" ಎಂದಳು. ಗಂಗಣ್ಣ ಎಲ್ಲಿಂದಲೋ ಜೇನು ತಂದ, ನೆಲಮಂಗಲದಲ್ಲಿ ಕೇಳಿದ ಋಣಕ್ಕೆ. ಡೈರಿಯಿಂದ ಅರಿಶಿನದ ಹಾಲು ಬಂತು. ಇಷ್ಟನ್ನೂ ಗೋವಿಂದರಾಜು ಕೈ ಮುಗಿದು, ಕಣ್ಣಲ್ಲಿ ನೀರು ತಂದುಕೊಂಡು ಕುಡಿದ. ನೀರು ಅರ್ಧ ಮೆಣಸಿನದು, ಅರ್ಧ ನಿಜವಾದದ್ದು. ಡೈರಿಗೆ ಇಪ್ಪತ್ತು ವರ್ಷ ಹಾಲು ಹಾಕಿದರೂ ಯಾರೊಬ್ಬರೂ ಅವನನ್ನು 'ಹೆಂಗಿದ್ದೀಯಪ್ಪಾ' ಎಂದು ಕೇಳಿರಲಿಲ್ಲ. ಪರಿಣಾಮವೇನೆಂದರೆ, ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಅವನ ಗಂಟಲು ಹುಟ್ಟಿದಾಗಿನಿಂದ ಎಂದೂ ಇಲ್ಲದಷ್ಟು ಚೊಕ್ಕಟವಾಯಿತು.

ಅದೇ ಶುಕ್ರವಾರ ಸಂಜೆ ಟೀ ಅಂಗಡಿಯ ಮುಂದೆ ಒಂದು ಸ್ಕೂಟರು ನಿಂತಿತು. ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗಿ, ಬೆನ್ನ ಮೇಲೆ ಗಿಟಾರಿನ ಚೀಲ. ಅವಳು ಫ್ಲೆಕ್ಸನ್ನು ಬಾಯಿಬಿಟ್ಟುಕೊಂಡು ನೋಡಿದಳು.

"ಅಯ್ಯೋ, ಬಾಡಿ ನಮ್ ದೇವೇಂದ್ರಂದು! ತಲೆ ಯಾರ್ದು?"

ಅಪ್ಪಯ್ಯಣ್ಣನ ಕೈಯಿಂದ ಟೀ ಜಾಲರಿ ಬಿತ್ತು. ಮುನಿವೆಂಕಟಮ್ಮ ಮಾತ್ರ ಅವರೆಕಾಯಿಯಿಂದ ಕಣ್ಣೆತ್ತದೆ, "ತಲೆ ನನ್ ಮಗಂದು ಕಣವ್ವ. ಪಟ ಮುಟ್ಟೀಯ, ಹುಷಾರು" ಎಂದಳು.

ಹುಡುಗಿಯ ಹೆಸರು ಧನುಶ್ರೀ. ದೊಡ್ಡಬಳ್ಳಾಪುರದ ಹತ್ತಿರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಡೆಯ ವರ್ಷ. ಸ್ನೇಹಿತರನ್ನು ಸೇರಿಸಿಕೊಂಡು 'ಕರೆಂಟ್ ಬಂತು' ಎಂಬ ಬ್ಯಾಂಡು ಕಟ್ಟಿದ್ದಳು. ಹಿಂದಿನ ವರ್ಷ ಆ ಬ್ಯಾಂಡಿನ ಬ್ಯಾನರ್ ಮಾಡಿದವನು ಮುನಿರಾಜ. ಅದರಲ್ಲಿದ್ದ ಹಾಡುಗಾರ ದೇವೇಂದ್ರನ ತಲೆ ತೆಗೆದು ಗೋವಿಂದರಾಜುವಿನ ತಲೆ ಕೂರಿಸಿದ್ದ. ಇದನ್ನೆಲ್ಲ ಸಿಟ್ಟಿನಲ್ಲೇ ವಿವರಿಸಿ, ಆ ತಲೆಯ ಒಡೆಯ ಎಲ್ಲಿ ಎಂದು ಕೇಳಿಕೊಂಡು ಅವಳು ತೋಟಕ್ಕೆ ನಡೆದಳು. "ಮೈ ಯಾರ್ದಾದ್ರೇನು, ಹಾಡೋದು ತಲೆ ತಾನೆ" ಎಂದು ಅಪ್ಪಯ್ಯಣ್ಣ ಜಾಲರಿ ಎತ್ತಿಕೊಂಡ.

ತೋಟದಲ್ಲಿ ಗೋವಿಂದರಾಜು ಮಫ್ಲರ್ ಸುತ್ತಿಕೊಂಡು ಮೌನವ್ರತದಲ್ಲಿದ್ದ. ಧನುಶ್ರೀ ಗೇಟು ತಳ್ಳಿದಳು. ಅಷ್ಟರಲ್ಲಿ ಪಂಪ್‌ಹೌಸಿನ ಮೇಲಿಂದ ಕೀರ್ತನಳ ಕೂಗು ಬಂತು. "ಅಪ್ಪಾ, ಗೊರವಂಕ! ಮೂರನೇ ಸಾಲು!"

ಮೌನವ್ರತ ಮನುಷ್ಯರಿಗೆ, ಗೊರವಂಕಕ್ಕಲ್ಲ. ಗೋವಿಂದರಾಜು ಎದೆ ತುಂಬ ಉಸಿರೆಳೆದ. ಕೂಗು ಮೊದಲು ಹೊಟ್ಟೆಯ ಆಳದಲ್ಲಿ ಬೋರ್‌ವೆಲ್ಲಿನ ಮೋಟಾರಿನಂತೆ ಗುರುಗುಟ್ಟಿತು. ಆಮೇಲೆ ಮೇಲೇರಿ, ಇನ್ನು ಏರಲು ಜಾಗವಿಲ್ಲವೆನ್ನುವ ಕಡೆ ಎರಡಾಗಿ ಸೀಳಿ, ಆ ಎರಡೂ ಸೀಳುಗಳು ಒಟ್ಟಿಗೆ ಇನ್ನೂ ಮೇಲಕ್ಕೆ ಹೋದವು. ಕೆಳಗೆ ಡಬ್ಬ, ಢಣ್ ಢಣಢಣ್. ನಡುವೆ ಬೈಗುಳ: "ಯಾರಪ್ಪನ್ ತೋಟ ಅಂತ ಬಂದ್ಯೋ! ಬಂದ್ಯೋ! ನೀರ್ ಬಿಟ್ಟೋನ್ ಯಾರೋ! ಯಾರೋ!"

ಗೊರವಂಕಗಳು ಹೋದವು. ಧನುಶ್ರೀ ಹೋಗಲಿಲ್ಲ. ಜಗಳಕ್ಕೆಂದು ಬಂದವಳು ಗೇಟು ಹಿಡಿದೇ ನಿಂತಿದ್ದಳು.

"ಅಂಕಲ್," ಎಂದಳು ಕೊನೆಗೆ, "ಇದನ್ನ ಯಾರ್ ಹೇಳ್ಕೊಟ್ರು?"

"ಇದ್ನೂ ಹೇಳ್ಕೊಡ್ತಾರೇನಮ್ಮ? ಹದಿನೆಂಟು ವರ್ಷದಿಂದ ಚಪ್ಪರ ಅದೆ, ಗೊರವಂಕ ಅದೆ."

"ನಮ್ ದೇವೇಂದ್ರ ಎರಡ್ ವರ್ಷ ಬಿಸಿನೀರು ಕುಡ್ದು ಪ್ರಾಕ್ಟೀಸ್ ಮಾಡ್ದ ಅಂಕಲ್. ಈ ಥರ ಸೀಳೋ ದನಿ ಒಂದಿನಾನೂ ಬರ್ಲಿಲ್ಲ. ಈಗ ಏರ್‌ಪೋರ್ಟಲ್ಲಿ ಶಿಫ್ಟ್ ಕೆಲ್ಸ ಸಿಕ್ಕಿ ಬ್ಯಾಂಡೇ ಬಿಟ್ಟೋದ. ಮೂರ್ ತಿಂಗ್ಳಿಂದ ನಮಗೆ ಹಾಡೋರಿಲ್ಲ. ನಾಳೆ ಸ್ಕೂಲಿಗೆ ನಾವೂ ಬರ್ತೀವಿ. ನೀವು ಇಷ್ಟೇ ಮಾಡಿ, ಸಾಕು."

ಗೋವಿಂದರಾಜು ಹೌಹಾರಿದ. "ಬಿಇಒ ಸಾಹೇಬ್ರ ಮುಂದೆ ಗೊರವಂಕ ಓಡ್ಸಾದಾ? ಇದು ಹಾಡಲ್ಲಮ್ಮ, ಕೂಗು. ನನ್ಗೆ ಗಂಟ್ಲು ಬೇರೆ ಕಟ್ಕೊಂಡದೆ."

ಧನುಶ್ರೀ ಆಕಾಶದಲ್ಲಿ ಇನ್ನೂ ದಿಕ್ಕೆಟ್ಟು ಸುತ್ತುತ್ತಿದ್ದ ಹಕ್ಕಿಗಳನ್ನು ನೋಡಿದಳು. "ದೇವೇಂದ್ರನ ಜಾಕೆಟ್ಟೂ ತರ್ತೀನಿ" ಎಂದು ಗೇಟು ಎಳೆದುಕೊಂಡು ಹೊರಟಳು.

ಶನಿವಾರ ಮೂರು ಗಂಟೆಗೆ ತೂಬಗೆರೆಯ ಹೈಸ್ಕೂಲಿನ ಮೈದಾನದಲ್ಲಿ ಜನ ತುಂಬಿತ್ತು. ಹೊಸಕುಂಟೆಯವರು ಟ್ರ್ಯಾಕ್ಟರು ಮಾಡಿಕೊಂಡೇ ಬಂದಿದ್ದರು. ವೇದಿಕೆಯ ಪಕ್ಕದ ಅರಳಿಮರದಲ್ಲಿ ಕಾಗೆ, ಗೊರವಂಕಗಳ ಸಂತೆ. ವೇದಿಕೆಯ ಮೇಲೆ ಬಿಇಒ ಸಾಹೇಬರು, ಮುಖ್ಯೋಪಾಧ್ಯಾಯಿನಿ ಮುನಿಲಕ್ಷ್ಮಮ್ಮನವರು, ಹಿಂದೆ ಡ್ರಮ್ಮು ಗಿಟಾರುಗಳ 'ಕರೆಂಟ್ ಬಂತು', ಅದರ ಮುಂದೆ ದೇವೇಂದ್ರನ ಹಳೇ ಜಾಕೆಟ್ಟಿನಲ್ಲಿ ಗೋವಿಂದರಾಜು. ಫ್ಲೆಕ್ಸಿನ ಮೇಲೆ ಸರಿಯಾಗಿ ಹೊಂದಿದ್ದ ಜಾಕೆಟ್ಟಿಗೆ ನಿಜವಾದ ಹೊಟ್ಟೆಯ ಮೇಲೆ ಜಿಪ್ಪು ಹಾಕಲು ಆಗಿರಲಿಲ್ಲ. ಕೊರಳಿಗೆ ಕೆಂಪು ಮಫ್ಲರು.

ಮುನಿಲಕ್ಷ್ಮಮ್ಮನವರು ಸ್ವಾಗತ ಭಾಷಣದಲ್ಲಿ, "ನಮ್ಮ ಮಣ್ಣಿನಲ್ಲೇ ಇದ್ದ ಇಂಥ ರತ್ನವನ್ನು ನಾನು ಬಸ್ಸಿನ ಕಿಟಕಿಯಿಂದ ಗುರುತಿಸಿದೆ" ಎಂದರು. ಪೇಟ ಇಟ್ಟರು, ಶಾಲು ಹೊದಿಸಿದರು. ಮೈಕು ಕೈಗೆ ಬಂತು. ಗೋವಿಂದರಾಜು ಎರಡು ದಿನದಿಂದ ಬಾಯಿಪಾಠ ಮಾಡಿದ್ದ ಮಾತನ್ನು ಎತ್ತಿದ.

"ಸಭೆಗೆ ನಮಸ್ಕಾರ. ನಂಗೆ ಗಂಟ್ಲು ಕಟ್ಟಿರೋದ್ರಿಂದ..."

"ಎಲ್ಲೋ ಕಟ್ಟಿರೋದು?" ಎಂದು ಮಧ್ಯದಿಂದ ಅಪ್ಪಯ್ಯಣ್ಣ ಎದ್ದು ನಿಂತ. "ನಿನ್ನೆ ಸಂಜೆ ಗೊರವಂಕ ಓಡ್ಸಿದ್ದು ನನ್ ಅಂಗ್ಡೀವರ್ಗೂ ಕೇಳಿಸ್ತಲ್ಲೋ! ಹನ್ನೆರಡು ಲೋಟ ಶುಂಠಿ ಟೀ ಕಣೋ, ಸುಮ್ನೆನಾ?"

"ನಿನ್ ಟೀ ಏನ್ ಮಾಡ್ತು? ವಾಸಿಯಾಗಿದ್ದು ನನ್ ಕಷಾಯಕ್ಕೆ!" ಎಂದಳು ಮುತ್ತಮ್ಮ.

"ನನ್ ಜೇನು?" ಎಂದ ಗಂಗಣ್ಣ.

ಗಂಟಲನ್ನು ವಾಸಿ ಮಾಡಿದವರು ಯಾರು ಎಂಬ ಬಗ್ಗೆ ಸಭೆ ಎರಡು ಮೂರು ಪಂಗಡವಾಯಿತು. ಬಿಇಒ ಸಾಹೇಬರು ಕೈಯೆತ್ತಿ ಸುಮ್ಮನಿರಿಸಿದರು. "ಹಾಡಿ, ಪರವಾಗಿಲ್ಲ," ಎಂದು ವಾಚು ನೋಡಿಕೊಂಡರು.

ಗೋವಿಂದರಾಜು ಬಾಯಿ ತೆರೆದ. ಗಾಳಿ ಬಂತು. ಮುಚ್ಚಿದ. ಮತ್ತೆ ತೆರೆದ. ಹಿಂದೆ ಧನುಶ್ರೀ ಮೆಲ್ಲಗೆ ತಂತಿ ಮೀಟಿ ದಾರಿ ತೋರಿಸಿದಳು. ಅವನಿಗೆ ದಾರಿ ಕಾಣಲಿಲ್ಲ. ಒಂಬತ್ತನೇ ತರಗತಿಯ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಎಲ್ಲೋ ಊಟದ ಡಬ್ಬಿಯ ಮೇಲೆ ಬೆರಳು ಬಡಿದ ಸದ್ದು. ಢಣ್. ಇನ್ನೊಂದು ಡಬ್ಬಿ. ಢಣ್ ಢಣ್.

ಗೋವಿಂದರಾಜು ಮಗಳನ್ನು ನೋಡಿದ. ಅವಳ ಮುಖ ಕೆಂಪಾಗಿತ್ತು, ತಲೆ ಬಗ್ಗಿತ್ತು. ಅವನು ಪೇಟವನ್ನು ತೆಗೆದು ಮೇಜಿನ ಮೇಲಿಟ್ಟ. 'ತಪ್ಪಾಯ್ತು ಮಗ್ಳೇ' ಎಂದು ಮೈಕಿನಲ್ಲೇ ಹೇಳಿ ಇಳಿದುಬಿಡುವುದೆಂದು ತೀರ್ಮಾನಿಸಿದ.

ಆಗ ಕೀರ್ತನ ತಲೆಯೆತ್ತಿದಳು. ಅಪ್ಪನನ್ನು ನೋಡಿದಳು, ಅರಳಿಮರವನ್ನು ನೋಡಿದಳು. ಬೆಂಚಿನ ಮೇಲೆ ಹತ್ತಿ ನಿಂತು, ಎರಡು ಕೈಯನ್ನೂ ಬಾಯಿಗೆ ಹಿಡಿದು, ಇಡೀ ಶಾಲೆಯ ಮುಂದೆ ಡಬ್ಬ ಬಡಿಯುವವನ ಮಗಳಾಗಿಯೇ ಕೂಗಿದಳು.

"ಅಪ್ಪಾ, ಗೊರವಂಕ! ಮೂರನೇ ಸಾಲು!"

ಗೋವಿಂದರಾಜು ಯೋಚಿಸಲಿಲ್ಲ. ಹದಿನೆಂಟು ವರ್ಷದ ಅಭ್ಯಾಸ, ಮೇಲೆ ಹನ್ನೆರಡು ಲೋಟ ಶುಂಠಿ ಟೀ, ಕಷಾಯ, ಜೇನು, ಅರಿಶಿನದ ಹಾಲು, ಎಲ್ಲವೂ ಒಟ್ಟಿಗೆ ಎದ್ದು ಬಂದವು. ಮೊದಲ ಕೂಗಿಗೇ ಬಲಗಡೆಯ ಸ್ಪೀಕರು ಒಮ್ಮೆ ಹೆದರಿ ಆಫ್ ಆಗಿ ಮತ್ತೆ ಬಂತು. ಅರಳಿಮರ ಒಂದೇ ಸಲಕ್ಕೆ ಖಾಲಿಯಾಯಿತು. ಡ್ರಮ್ಮಿನ ಹುಡುಗ ಮಕ್ಕಳ ಡಬ್ಬಿಯ ಪೆಟ್ಟನ್ನು ಹಿಡಿದುಕೊಂಡ. ಧನುಶ್ರೀಯ ಗಿಟಾರು ಆ ಸೀಳಿದ ದನಿಯ ನಡುವೆ ಬೆಂಕಿಯಂತೆ ನುಗ್ಗಿತು. "ಯಾರಪ್ಪನ್ ತೋಟ ಅಂತ ಬಂದ್ಯೋ!" ಎಂದು ಗೋವಿಂದರಾಜು ಕೂಗಿದರೆ, ಐನೂರು ಮಕ್ಕಳು ಡಬ್ಬಿ ಬಡಿಯುತ್ತಾ, "ಬಂದ್ಯೋ! ಬಂದ್ಯೋ!" ಎಂದವು. "ನೀರ್ ಬಿಟ್ಟೋನ್ ಯಾರೋ!" ಎಂದರೆ ಅಪ್ಪಂದಿರೆಲ್ಲ ಎದ್ದು ನಿಂತು, "ಯಾರೋ! ಯಾರೋ!" ಎಂದರು. ನೀರು ಬಿಟ್ಟವರು ಅವರೇ ಆಗಿದ್ದರಿಂದ ಅವರ ದನಿಗೆ ಬೇರೆಯೇ ಜೋರಿತ್ತು. ಮುನಿವೆಂಕಟಮ್ಮ ಟ್ರ್ಯಾಕ್ಟರಿನಲ್ಲೇ ಕೂತು, "ನಾನ್ ಹೇಳಿಲ್ವಾ, ಪಟ ಇಳಿಸ್ಬೇಡಿ ಅಂತ?" ಎಂದು ಪಕ್ಕದವಳಿಗೆ ಹೇಳಿದಳು.

ಬಿಇಒ ಸಾಹೇಬರು ಆಮೇಲೆ ಶಾಲೆಯ ಭೇಟಿ ಪುಸ್ತಕದಲ್ಲಿ ಬರೆದದ್ದು ಹೀಗೆ: 'ಮಕ್ಕಳ ಹಾಜರಾತಿ ತೃಪ್ತಿಕರ. ಪಕ್ಷಿಗಳ ಹಾಜರಾತಿ ಶೂನ್ಯ.'

ಇದಾದ ಮೇಲಿನದು ಎಲ್ಲರಿಗೂ ಗೊತ್ತಿರುವಂಥದ್ದೇ. ನವೀನ್‌ಕುಮಾರ್ ಮೊಬೈಲಿನಲ್ಲಿ ಹಿಡಿದದ್ದು ಸೋಮವಾರದ ಹೊತ್ತಿಗೆ ದೇವನಹಳ್ಳಿ ದಾಟಿತ್ತು. ಸೂಲಿಬೆಲೆಯಲ್ಲಿ ಒಂದು ಕಾರ್ಯಕ್ರಮ, ನಂದಗುಡಿಯಲ್ಲಿ ಎರಡು. ನಂದಗುಡಿಯ ರೈತರು ಹಾಡನ್ನು ರೆಕಾರ್ಡ್ ಮಾಡಿಕೊಂಡು ಹೋಗಿ ತೋಟಗಳಲ್ಲಿ ಹಾಕಿ, ಫಲಿತಾಂಶ ಚೆನ್ನಾಗಿದೆಯೆಂದು ಫೋನು ಮಾಡಿದರು. ನೆಲಮಂಗಲದಲ್ಲಿ ಹಾಡಿದ ದಿನ ಗಂಗಣ್ಣ ಮೊದಲ ಸಾಲಿನಲ್ಲಿ ಕೂತಿದ್ದ. "ಹೋದ್ ಸಲಕ್ಕಿಂತ ಚೆನ್ನಾಗಿತ್ತು" ಎಂದ. ತೊಂದರೆ ಇದ್ದದ್ದು ಒಂದೇ. ಯಾರಾದರೂ ಸಾಲಿನ ಸಂಖ್ಯೆ ಕೂಗದ ಹೊರತು ಗೋವಿಂದರಾಜುವಿನ ಬಾಯಿಂದ ಗಾಳಿಯಷ್ಟೇ ಬರುತ್ತಿತ್ತು. ಪರೀಕ್ಷೆಯೆಂದು ಕೀರ್ತನ ಬರಲಾಗದಿದ್ದಾಗ ಅವಳ ಕೂಗನ್ನು ಫೋನಿನಲ್ಲಿ ಹಾಕಿ ನೋಡಿದರು, ಗಂಟಲು ಒಪ್ಪಲಿಲ್ಲ. ಕೊನೆಗೆ ಜನರೇ ಆ ಕೆಲಸ ವಹಿಸಿಕೊಂಡರು. ಬೆಂಗಳೂರಿನ ದೊಡ್ಡ ಮೈದಾನದಲ್ಲಿ, ಗೊರವಂಕವನ್ನು ಎಂದೂ ಹತ್ತಿರದಿಂದ ನೋಡಿರದ ಎಂಟು ಸಾವಿರ ಜನ, "ಅಪ್ಪಾ, ಗೊರವಂಕ! ಮೂರನೇ ಸಾಲು!" ಎಂದು ಒಂದೇ ದನಿಯಲ್ಲಿ ಕೂಗಿದಾಗ ಗೋವಿಂದರಾಜು ವೇದಿಕೆಯ ಮೇಲೆ ಎರಡು ನಿಮಿಷ ಅತ್ತ. ಅದೂ ಹಾಡಿನ ಭಾಗವೆಂದುಕೊಂಡು ಅವರು ಅದಕ್ಕೂ ಚಪ್ಪಾಳೆ ತಟ್ಟಿದರು.

ಒಂದು ಟಿವಿಯವರು, "ನಿಮ್ಮ ಗುರುಗಳು ಯಾರು?" ಎಂದು ಕೇಳಿದರು. ಅವನು ಹನ್ನೊಂದು ನಿಮಿಷ ಉತ್ತರ ಕೊಟ್ಟ. ಪಟ ಇಳಿಸಲು ಬಿಡದ ತಾಯಿಗೆ, ಹೆಸರಿನ ಮೇಲಿನ ಸಾಲು ಅಳಿಸದ ಮುನಿರಾಜನಿಗೆ, ಏರ್‌ಪೋರ್ಟಿಗೆ ಹೋಗಿ ಮೈಯನ್ನು ಬಿಟ್ಟುಕೊಟ್ಟ ದೇವೇಂದ್ರನಿಗೆ, ಭಜನೆಯಿಂದ ಹೊರಗೆ ಹಾಕಿದ ದೊಡ್ಡಮುನಿಯಪ್ಪನವರಿಗೆ, ಶುಂಠಿಗೆ, ಮೆಣಸಿಗೆ, ಒಬ್ಬರನ್ನೂ ಬಿಡದೆ ಕೈ ಮುಗಿದ. ಟಿವಿಯಲ್ಲಿ ಬಂದದ್ದು ಒಂದೇ ಮಾತು: 'ಗೊರವಂಕ.' ದೊಡ್ಡಮುನಿಯಪ್ಪನವರ ಹೆಸರು ಬರಲಿಲ್ಲವೆಂದು ಅವನು ಅವರ ಮನೆಗೇ ಹೋಗಿ ಕ್ಷಮೆ ಕೇಳಿದ. "ಬಿಡೋ," ಎಂದರು ಅವರು. "ಆವತ್ತು ನಾನ್ ನಿನ್ನ ಮಂಡಳೀಲೇ ಇಟ್ಕೊಂಡಿದ್ರೆ ಇಬ್ರೂ ಹಾಳಾಗಿರ್ತಿದ್ವಿ." ಡೈರಿಯ ಡೈರೆಕ್ಟರು ಬೇರೆ ಯಾರೋ ಆದರು. ಯಾರೆಂದು ಗೋವಿಂದರಾಜು ಕೇಳಲಿಲ್ಲ.

ಫ್ಲೆಕ್ಸು ಆಷಾಢದ ಗಾಳಿಗೆ ತಾನಾಗಿಯೇ ಹರಿಯಿತು. ಮುನಿವೆಂಕಟಮ್ಮ ಅದನ್ನು ತಂದು ಹುಲ್ಲಿನ ಮೆದೆಗೆ ಹೊದಿಸಿದಳು, ಮಗ ಆಕಾಶ ನೋಡುವ ಹಾಗೆ.

ಮತ್ತೆ ಜನವರಿ ಬಂತು, ಮತ್ತೆ ಹಣ್ಣಿಗೆ ಬಣ್ಣ ತಿರುಗಿತು. ದ್ರಾಕ್ಷಿ ಕೊಳ್ಳಲು ಬಂದ ವ್ಯಾಪಾರಿ ತೋಟ ಸುತ್ತಿ, "ಎಲ್ಲಾ ಸಾಲಿಗೂ ಬಲೆ ಕಟ್ಟಿದ್ದೀರ. ಮೂರನೇದಕ್ಕೆ ಯಾಕಮ್ಮ ಇಲ್ಲ?" ಎಂದು ಕೇಳಿದ.

"ಅದು ಕೊಡಲ್ಲಣ್ಣ," ಎಂದಳು ಶಶಿರೇಖಾ. "ಗುರುಗಳ ಸಾಲು."

ಆದರೆ ಗುರುಗಳು ಬರಲಿಲ್ಲ. ಒಂದು ವರ್ಷದಿಂದ ಹೋಬಳಿಯ ತೋಟ ತೋಟದಲ್ಲೂ ಆ ದನಿ ಕೇಳಿ ಕೇಳಿ ಗೊರವಂಕಗಳು ಹೊಸಕುಂಟೆಯ ದಾರಿಯನ್ನೇ ಬಿಟ್ಟಿದ್ದವು. ಹಣ್ಣು ಕಪ್ಪಾಗಿ ಗೊಂಚಲು ಗೊಂಚಲೇ ತೂಗುತ್ತಿದ್ದವು. ಗೋವಿಂದರಾಜು ದಿನಾ ಬೆಳಿಗ್ಗೆ ಬಂದು, ಡಬ್ಬವನ್ನು ಗೇಟಿನ ಹೊರಗೇ ಇಟ್ಟು, ಮೂರನೇ ಸಾಲಿನ ಕೊನೆಯಲ್ಲಿ ಸದ್ದು ಮಾಡದೆ ಕೂರುತ್ತಿದ್ದ. ಆರು ದಿನ ಕೂತ. ಏಳನೇ ದಿನ ಹೊಂಗೆ ಮರದ ಮೇಲೆ ಒಂದು ಗೊರವಂಕ ಬಂದು ಕೂತಿತು. ಅವನನ್ನು ನೋಡಿತು. ಇವನು ಉಸಿರು ಬಿಗಿಹಿಡಿದ. ಅದು ಚಪ್ಪರಕ್ಕೆ ಇಳಿದು, ಒಂದು ಹೆಜ್ಜೆ ಇಟ್ಟು, ಒಂದು ಹಣ್ಣಿಗೆ ಕೊಕ್ಕು ಹಾಕಿತು.

"ಅಪ್ಪಾ, ಗೊರವಂಕ! ಮೂರನೇ ಸಾಲು!"

ಪಂಪ್‌ಹೌಸಿನ ಮೇಲೆ ಪುಸ್ತಕ ಹಿಡಿದು ಓದುತ್ತಿದ್ದ ಕೀರ್ತನ, ಅಭ್ಯಾಸಬಲದಿಂದ ಕೂಗಿಬಿಟ್ಟಿದ್ದಳು. ಗೋವಿಂದರಾಜುವಿನ ಎದೆ ತಾನಾಗಿ ಉಬ್ಬಿತು, ಹೊಟ್ಟೆಯಲ್ಲಿ ಮೋಟಾರು ಗುರುಗುಟ್ಟಿತು, ಬಾಯಿ ತೆರೆಯಿತು. ಅವನು ಎರಡೂ ಕೈಗಳಿಂದ ತನ್ನ ಬಾಯನ್ನು ಒತ್ತಿ ಹಿಡಿದುಕೊಂಡು ನೆಲಕ್ಕೆ ಕುಸಿದ. ಕೆನ್ನೆ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಎಂಟು ಸಾವಿರ ಜನರ ಮುಂದೆ ಹಾಡುವುದು ಇದರ ಮುಂದೆ ಏನೂ ಅಲ್ಲ. ಕೂಗು ಗಂಟಲಿನವರೆಗೆ ಬಂದು, ಅಲ್ಲೇ ಸ್ವಲ್ಪ ಹೊತ್ತು ಹೊರಳಾಡಿ, ಮೆಲ್ಲಗೆ ವಾಪಸ್ಸು ಹೋಯಿತು.

ಗೊರವಂಕ ಎರಡನೇ ಹಣ್ಣಿಗೆ ಕೊಕ್ಕು ಹಾಕಿತು.

ಅವನು ಬೆರಳುಗಳ ಸಂದಿನಿಂದ, ಅದಕ್ಕೂ ಕೇಳಿಸದಷ್ಟು ಸಣ್ಣಗೆ, ಮಗಳಿಗೆ ಹೇಳಿದ: "ತಿನ್ಲಿ ಬಿಡಮ್ಮ."